ಮೇಷ್ಟ್ರ ಕ್ಯಾಸೆಟ್‌ನಲ್ಲಿದ್ದ ಅಕ್ಷರಗಳು

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಗಣಿತದ ಮೇಷ್ಟ್ರು ಮೈಸೂರಿನಿಂದ ಫೋನ್ ಮಾಡಿದರು. ಸರಸ್ವತಿಪುರಂನ ಮನೆ ಮಾರಿ ಮಗಳ ಮನೆಗೆ ಹೊರಟಿದ್ದೇವೆ, ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನಾಲ್ಕು ಕ್ಯಾಸೆಟ್ ಸಿಕ್ಕಿವೆ, ರದ್ದಿಯವನಿಗೆ ಹಾಕುವ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕೆನಿಸಿತು ಎಂದರು.

"ಯಾವ ಕ್ಯಾಸೆಟ್ ಸಾರ್?"

"ಅಕ್ಷರದ್ದು."

ಅಂದು ಸಂಜೆಯ ರೈಲಿಗೇ ಬೆಂಗಳೂರಿನಿಂದ ಹೊರಟೆ.

ಅದು ಯಾವ ಅಕ್ಷರ ಎಂದು ನನಗೆ ಹೇಳಬೇಕಾಗಿರಲಿಲ್ಲ. 1986ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದೆ. ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆ ಅದಕ್ಕೆ ಎರಡು ವರ್ಷ ಹಿಂದೆ ಶುರುವಾಗಿತ್ತು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ ದೇಶದ ಮೊದಲ ದೊಡ್ಡ ಪ್ರಯತ್ನ ಅದು. ಅದಕ್ಕಾಗಿ ಆರಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಅಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ಯೂನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿಯೂ ತಯಾರಿಸಿತು. ನಮ್ಮ ಶಾಲೆಗೆ ಬಂದವು ಎರಡು. 32 ಕಿಲೋಬೈಟ್ ನೆನಪು, ಸೆಕೆಂಡಿಗೆ 20 ಲಕ್ಷ ಮಿಡಿತದ 6502 ಚಿಪ್, ಜೊತೆಗೊಂದು ಟೇಪ್ ರೆಕಾರ್ಡರ್. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕಿತ್ತು.

ಆ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಆದರೆ ಎಂಟು ಮನೆ ಅಗಲ, ಎಂಟು ಮನೆ ಎತ್ತರದ ಚೌಕದಲ್ಲಿ ನಮಗೆ ಬೇಕಾದ ಆಕಾರ ಬರೆದುಕೊಳ್ಳುವ ಒಂದು ಆಜ್ಞೆ ಅದರಲ್ಲಿತ್ತು. ಮೇಷ್ಟ್ರು ನಮಗೆಲ್ಲ ಗ್ರಾಫ್ ಹಾಳೆ ಹಂಚಿದರು. ಪ್ರತಿ ಸಾಲಿನ ಮನೆಗಳ ಬೆಲೆ ಎಡದಿಂದ 128, 64, 32, 16, 8, 4, 2, 1. ಕಪ್ಪು ಮಾಡಿದ ಮನೆಗಳನ್ನು ಕೂಡಿದರೆ ಆ ಸಾಲಿನ ಸಂಖ್ಯೆ. ಎಂಟು ಸಂಖ್ಯೆಗಳಾದರೆ ಒಂದು ಆಕಾರ. ದ್ವಿಮಾನ ಪದ್ಧತಿಯನ್ನು ನಾನು ಕಲಿತದ್ದು 'ಗ' ಅಕ್ಷರದ ಹೊಟ್ಟೆಯನ್ನು ಸುತ್ತುತ್ತ. 'ಮ', 'ಯ', 'ಝ' ಒಂದು ಚೌಕದಲ್ಲಿ ಹಿಡಿಸದೆ ಎರಡೆರಡು ಚೌಕ ಬೇಡಿದವು. ಒತ್ತಕ್ಷರಗಳಿಗೆ ಬೇರೆಯೇ ಚೌಕ. ಹೀಗೆ ಒಂದು ಮಳೆಗಾಲವಿಡೀ ಸಂಖ್ಯೆಗಳನ್ನು ಕೂಡಿ, ಅ ಇಂದ ಳ ವರೆಗಿನ ಅಕ್ಷರಗಳನ್ನು ಪರದೆಯ ಮೇಲೆ ನಿಧಾನವಾಗಿ ಸಾಲು ಸಾಲಾಗಿ ಮೂಡಿಸಿ, ಕೆಳಗೆ ಒಂದು ಪದ ತೋರಿಸುವ ಪ್ರೋಗ್ರಾಂ ಅನ್ನು ಮೇಷ್ಟ್ರು ಬರೆದರು. ಒಂದನೆಯ ತರಗತಿಯ ಮಕ್ಕಳನ್ನು ಕೂರಿಸಿ ತೋರಿಸಿದರು. ಮುಂದಿನ ವರ್ಷ ಎರಡು ಯಂತ್ರಗಳೂ ಕೆಟ್ಟವು.

ಬೆಂಗಳೂರಿಗೆ ತಂದ ಮೇಲೆ ಮೊದಲ ಕೆಲಸ ಟೇಪನ್ನು ಕೇಳಿಸಿಕೊಳ್ಳುವುದು. ಬಿಬಿಸಿ ಮೈಕ್ರೋ ಪ್ರೋಗ್ರಾಂಗಳನ್ನು ಕ್ಯಾಸೆಟ್‌ನಲ್ಲಿ ಶಬ್ದವಾಗಿ ಬರೆಯುತ್ತದೆ: ಸೊನ್ನೆಗೆ 1200 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎರಡು ಅಲೆ. ಕಿವಿಗೆ ಅದು ಜೀರುಂಡೆಯ ಕೂಗಿನಂತೆ ಕೇಳುತ್ತದೆ. ಹಳೆಯ ಡೆಕ್ ಒಂದನ್ನು ಹೊಸ ಬೆಲ್ಟ್ ಹಾಕಿಸಿ ಸಜ್ಜು ಮಾಡಿದೆ, ಗೊರಗೊರ ಸದ್ದು ತಗ್ಗಿಸುವ ಡಾಲ್ಬಿಯನ್ನು ಆಫ್ ಮಾಡಿದೆ, ಶಬ್ದವನ್ನು ಲ್ಯಾಪ್‌ಟಾಪ್‌ಗೆ ತುಂಬಿಕೊಂಡೆ. ಪರಿವರ್ತಿಸುವ ತಂತ್ರಾಂಶಕ್ಕೆ ಕೊಟ್ಟರೆ ಒಂದು ತುಂಡೂ ಸರಿಯಾಗಿ ಓದಲಿಲ್ಲ. ತಪ್ಪು ಡೆಕ್‌ನಲ್ಲಿ ಟೇಪನ್ನು ಓದುವ ಹೆಡ್‌ನದು. ಮೇಷ್ಟ್ರ ರೆಕಾರ್ಡರ್‌ನ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದಿರಬೇಕು; ಓರೆಯಾಗಿ ಬರೆದದ್ದನ್ನು ಓರೆಯಾಗಿಯೇ ಓದಬೇಕು. ಹೆಡ್‌ನ ಪಕ್ಕದ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ, ಜೀರುಂಡೆಯ ದನಿ ಮಂಕಿನಿಂದ ಹರಿತಕ್ಕೆ ಬರುವ ಜಾಗವನ್ನು ಕಿವಿಯಿಂದಲೇ ಹುಡುಕಿದೆ. ಈ ಕೆಲಸ ಮಾಡುವವರಿಗೆ ನನ್ನ ಒಂದೇ ಮಾತು: ಮೀಟರನ್ನು ನೋಡಬೇಡಿ, ಕಿವಿಯನ್ನು ನಂಬಿ.

ಪ್ರೋಗ್ರಾಂ 256 ಬೈಟ್‌ಗಳ ತುಂಡುಗಳಾಗಿ ಟೇಪ್‌ನಲ್ಲಿರುತ್ತದೆ. ಪ್ರತಿ ತುಂಡಿನ ಕೊನೆಯಲ್ಲಿ ಅದು ಸರಿಯಾಗಿ ಓದಿದೆಯೇ ಎಂದು ತಾಳೆ ನೋಡುವ ಸಂಖ್ಯೆಯೊಂದಿರುತ್ತದೆ. ನಮ್ಮದು ಸುಮಾರು 6300 ಬೈಟ್, 25 ತುಂಡು. ಇಪ್ಪತ್ನಾಲ್ಕು ತಾಳೆಯಾದವು, ಹನ್ನೆರಡನೆಯದು ಆಗಲಿಲ್ಲ. ಟೇಪ್ ಅಲ್ಲಿ ಸುಕ್ಕುಗಟ್ಟಿತ್ತು. ಆಗ ಮೇಷ್ಟ್ರು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದ ಮಾತು ನೆನಪಾಯಿತು: "ಸೇವ್ ಮಾಡಿದರೆ ಎರಡು ಸಲ ಮಾಡಿ." ಕ್ಯಾಸೆಟ್ಟನ್ನು ಮುಂದೆ ಓಡಿಸಿದೆ. ಎರಡು ನಿಮಿಷದ ಮೌನದ ನಂತರ ಅದೇ ಜೀರುಂಡೆ ಮತ್ತೆ ಕೂಗಿತು. ಎರಡನೆಯ ಪ್ರತಿಯಿಂದ ಹನ್ನೆರಡನೆಯ ತುಂಡನ್ನು ತೆಗೆದು ಕೂಡಿಸಿದೆ. ಎಲ್ಲವೂ ತಾಳೆಯಾದವು.

ಇನ್ನು ಓಡಿಸಬೇಕು. ಯಂತ್ರವಿಲ್ಲ, ಎಮ್ಯುಲೇಟರ್ ಬೇಕು. ಎಮ್ಯುಲೇಟರ್ ಎಂದರೆ ಒಂದು ಕಂಪ್ಯೂಟರಿನ ನಡವಳಿಕೆಯನ್ನು ಇನ್ನೊಂದರ ಮೇಲೆ ತಂತ್ರಾಂಶದಿಂದಲೇ ಆಡಿ ತೋರಿಸುವುದು. 6502 ಚಿಪ್ ಏನು ಮಾಡುತ್ತಿತ್ತೋ ಅದನ್ನೇ ಅಷ್ಟೇ ವೇಗದಲ್ಲಿ ಮಾಡುವುದು. ಬಿಬಿಸಿ ಮೈಕ್ರೋಗೆ ಅಂಥವು ಹಲವಿವೆ, ಉಚಿತ, ಮುಕ್ತ ಆಕರದವು. ಒಂದನ್ನು ಇಳಿಸಿಕೊಂಡು ಫೋಲ್ಡರ್ ತೆರೆದಾಗ ಕೈ ನಿಂತಿತು. ಎಮ್ಯುಲೇಟರಿನ ಜೊತೆಯಲ್ಲೇ ಮೂಲ ಯಂತ್ರದ ರೋಮ್ ಫೈಲುಗಳೂ ಇದ್ದವು, ಅಂದರೆ ಯಂತ್ರದ ಚಿಪ್‌ಗಳಲ್ಲಿ ಅಳಿಸದಂತೆ ತುಂಬಿಟ್ಟಿದ್ದ, ಅಕಾರ್ನ್ ಬರೆದ ಕಾರ್ಯಾಚರಣಾ ವ್ಯವಸ್ಥೆ ಮತ್ತು ಪ್ರೋಗ್ರಾಂ ಬರೆಯುವ ಬೇಸಿಕ್ ಭಾಷೆ. ಪರವಾನಗಿ ಪತ್ರ ಮಾತನಾಡುತ್ತಿದ್ದದ್ದು ಎಮ್ಯುಲೇಟರ್ ಬರೆದವರ ಕೆಲಸದ ಬಗ್ಗೆ. ರೋಮ್ ಬರೆದವರು ಬೇರೆ. ಹಳೆಯ ಯಂತ್ರಗಳನ್ನು ಪ್ರೀತಿಸುವವರು ದಶಕಗಳಿಂದ ಹೀಗೆ ಹಂಚಿಕೊಂಡೇ ಬಂದಿದ್ದಾರೆ, ಅವರಿಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆ ಕೃತಜ್ಞತೆ ನನಗಿದೆ. ಆದರೆ ಇದು ನಾಳೆ ಶಾಲೆಯ ಹೆಸರಿನಲ್ಲಿ, ಮೇಷ್ಟ್ರ ಹೆಸರಿನಲ್ಲಿ ಹೊರಗೆ ಬರುವ ಕೆಲಸ. ಅದರ ಬುಡದಲ್ಲಿ ಪ್ರಶ್ನೆಯೊಂದು ಉಳಿಯುವುದು ನನಗೆ ಬೇಡವಾಗಿತ್ತು.

ವಕೀಲೆಯಾಗಿರುವ ಗೆಳತಿಯ ಬಳಿ ಹೋದೆ. ಅವಳು ಮೊದಲು ಎಳೆಗಳನ್ನು ಬಿಡಿಸಿದಳು. ಎಮ್ಯುಲೇಟರ್ ಒಂದು, ರೋಮ್ ಇನ್ನೊಂದು, ಮೇಷ್ಟ್ರ ಪ್ರೋಗ್ರಾಂ ಮತ್ತೊಂದು. ಒಂದರ ಉತ್ತರ ಇನ್ನೊಂದಕ್ಕೆ ಆಗುವುದಿಲ್ಲ.

ಎಮ್ಯುಲೇಟರಿನದು ಸುಲಭ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಯಾರ ಸ್ವತ್ತೂ ಅಲ್ಲ, ಬರೆದ ಸಂಕೇತ ಮಾತ್ರ ಸ್ವತ್ತು. ತಂತ್ರಾಂಶದ ಹಿಂದಿನ ತತ್ವಗಳನ್ನು ತಿಳಿಯಲು ಅದು ನಡೆಯುವುದನ್ನು ಗಮನಿಸಿ, ಪರೀಕ್ಷಿಸಿ ನೋಡುವುದನ್ನು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಬಿಟ್ಟುಕೊಟ್ಟಿದೆ. ಅಮೆರಿಕದಲ್ಲಿಯೂ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ನಿನ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರವಾಗಿ ತೀರ್ಪು ಕೊಟ್ಟಿತು.

ರೋಮ್‌ನದು ಹಾಗಲ್ಲ. "ಕಂಪನಿ ಇಲ್ಲದೆ ಹೋಗಬಹುದು, ಹಕ್ಕು ಇಲ್ಲದೆ ಹೋಗುವುದಿಲ್ಲ" ಎಂದಳು. ಅಕಾರ್ನ್ 1990ರ ದಶಕದ ಕೊನೆಯಲ್ಲಿ ಒಡೆದು ಹಂಚಿಹೋಯಿತು. ಹಕ್ಕು ಯಾರಾದರೊಬ್ಬರ ಬಳಿ ಇದ್ದೇ ಇರುತ್ತದೆ. ಅದೇ ಕಾಲದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರ್ ಈ ವಿಷಯದಲ್ಲಿ ಅದೃಷ್ಟ ಮಾಡಿತ್ತು: ಅದರ ಹಕ್ಕು ಹೊಂದಿದ್ದ ಆಮ್‌ಸ್ಟ್ರಾಡ್ ಕಂಪನಿ, ಕೃತಿಸ್ವಾಮ್ಯವನ್ನು ತನ್ನಲ್ಲೇ ಇಟ್ಟುಕೊಂಡು, ಎಮ್ಯುಲೇಟರುಗಳ ಜೊತೆ ರೋಮ್ ಹಂಚಲು 1999ರಲ್ಲಿ ಬಹಿರಂಗವಾಗಿ ಒಪ್ಪಿಗೆ ಕೊಟ್ಟಿತು. ಪ್ರತಿ ಕಂಪನಿಯೂ ಇಂಥ ಹತ್ತು ಸಾಲು ಬರೆದಿಟ್ಟು ಹೋಗಬೇಕಿತ್ತು ಎಂದು ನನಗೆ ಮನಸಾರೆ ಅನಿಸುತ್ತದೆ.

ಆಮೇಲೆ ಅವಳು 52ನೆಯ ಕಲಂನ ಇನ್ನೊಂದು ಭಾಗವನ್ನು ಓದಿದಳು. ತಂತ್ರಾಂಶದ ಪ್ರತಿಯೊಂದನ್ನು ನ್ಯಾಯವಾಗಿ ಹೊಂದಿದವರು, ಅದನ್ನು ಯಾವ ಉದ್ದೇಶಕ್ಕೆ ಕೊಡಲಾಗಿತ್ತೋ ಆ ಉದ್ದೇಶಕ್ಕೆ ಬಳಸಲು, ಆ ಪ್ರತಿಯಿಂದ ನಕಲು ಮಾಡಿಕೊಳ್ಳಬಹುದು. ಸ್ವಂತವಾಗಿ, ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ವ್ಯಾಪಾರವಲ್ಲದ ವೈಯಕ್ತಿಕ ಬಳಕೆಗೆ ನಕಲು ಮಾಡಿಕೊಳ್ಳಬಹುದು. 'ಆ ಪ್ರತಿಯಿಂದ' ಎಂಬ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದಳು. ಇಳಿಸಿಕೊಂಡ ಫೈಲು ಮತ್ತು ಯಂತ್ರದಿಂದ ತೆಗೆದ ಫೈಲು ಬೈಟ್ ಬೈಟ್ ಒಂದೇ ಆಗಿದ್ದರೂ ಕಾನೂನಿನ ಕಣ್ಣಿಗೆ ಅವು ಬಂದ ದಾರಿ ಬೇರೆ. ನಕಲಿ ಪ್ರತಿಯೆಂದು ತಿಳಿದೂ ಬಳಸಿದವರಿಗೆ 63ಬಿ ಕಲಂ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಸೆರೆಯನ್ನು ಬಿಡಬಹುದು. "ನಿನ್ನ ಶಾಲೆಯ ಯಂತ್ರ ಏನಾಯಿತು?" ಎಂದು ಕೇಳಿದಳು.

ಒಂದು ಯಂತ್ರ ಇನ್ನೂ ಇತ್ತು. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ, ಒಡೆದ ಗ್ಲೋಬುಗಳ ಕೆಳಗೆ. ಈಗಿನ ಮುಖ್ಯೋಪಾಧ್ಯಾಯಿನಿಯವರು ನಾನು ಹುಟ್ಟಿಸಿದ ತೊಂದರೆಯನ್ನೆಲ್ಲ ಸಹಿಸಿಕೊಂಡು, ನಿರುಪಯುಕ್ತ ವಸ್ತುಗಳ ಪಟ್ಟಿಗೆ ಅದನ್ನು ಸೇರಿಸಿ, ಆಡಳಿತ ಮಂಡಳಿಯ ಸಭೆಯಲ್ಲಿ ಒಪ್ಪಿಗೆ ಪಡೆದು, ಇನ್ನೂರು ರೂಪಾಯಿಯ ರಸೀದಿಯೊಂದಿಗೆ ನನಗೆ ಕೊಟ್ಟರು. ಇದಕ್ಕೆ ಎರಡೂವರೆ ತಿಂಗಳು ಹಿಡಿಯಿತು. ಆ ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿದ್ದೇನೆ.

ಹಳೆಯ ಬಿಬಿಸಿ ಮೈಕ್ರೋ ಸಿಕ್ಕವರು ದಯವಿಟ್ಟು ಅದಕ್ಕೆ ನೇರವಾಗಿ ಕರೆಂಟ್ ಕೊಡಬೇಡಿ. ಅದರ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಕೆಪಾಸಿಟರ್‌ಗಳು ಬಿರುಕು ಬಿಟ್ಟು ವರ್ಷಗಳ ತೇವ ಹೀರಿರುತ್ತವೆ, ಪ್ಲಗ್ ಹಾಕಿದ ಕೆಲವು ನಿಮಿಷಕ್ಕೆ ಸಿಡಿದು ಹೊಗೆ ಬರಬಹುದು. ನಾನು ಯಂತ್ರವನ್ನು ಚಾಲೂ ಮಾಡಲೇ ಇಲ್ಲ. ಮೇಲಿನ ಮುಚ್ಚಳ ತೆಗೆದು, 28 ಕಾಲಿನ ಎರಡು ರೋಮ್ ಚಿಪ್‌ಗಳನ್ನು ಸಾಕೆಟ್‌ನಿಂದ ಸಮನಾಗಿ ಎಬ್ಬಿಸಿ, ಕಪ್ಪಾಗಿದ್ದ ಕಾಲುಗಳನ್ನು ರಬ್ಬರಿನಿಂದ ಉಜ್ಜಿದೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಚಿಪ್ ಓದುವ ಉಪಕರಣದಲ್ಲಿಟ್ಟು ಪ್ರತಿಯೊಂದನ್ನೂ ಎರಡೆರಡು ಬಾರಿ ಓದಿದೆ. ತಲಾ 16,384 ಬೈಟ್. ಎರಡು ಓದೂ ಒಂದೇ.

ಕಾರ್ಯಾಚರಣಾ ವ್ಯವಸ್ಥೆಯ ಚಿಪ್‌ನ ಕೊನೆಯ ಭಾಗದಲ್ಲಿ ಕಣ್ಣಾಡಿಸುತ್ತಿದ್ದಾಗ ಸಂಕೇತಗಳ ನಡುವೆ ಓದಬಲ್ಲ ಇಂಗ್ಲಿಷ್ ಸಾಲು ಎದ್ದು ಬಂದವು. ಈ ಯಂತ್ರ ಕಟ್ಟಲು ನೆರವಾದವರಿಗೆಲ್ಲ ಕೃತಜ್ಞತೆ, ಅವರ ಹೆಸರುಗಳ ಉದ್ದ ಸಾಲು. ಅದರಲ್ಲಿ ಒಂದು ಭಾರತೀಯ ಹೆಸರೂ ಇತ್ತು. ಯಂತ್ರ ನಡೆಯುವಾಗ ಆ 768 ಬೈಟ್‌ಗಳ ವಿಳಾಸವನ್ನು ಕೀಲಿಮಣೆ, ಟೇಪ್ ಮುಂತಾದ ಹೊರ ಸಾಧನಗಳ ಸಂಪರ್ಕಕ್ಕೆ ಬಿಟ್ಟುಕೊಟ್ಟಿರುವುದರಿಂದ ಅವು ಮರೆಯಾಗಿಯೇ ಇರುತ್ತವೆ. ಚಿಪ್ಪನ್ನು ಹೊರತೆಗೆದು ಓದಿದವರಿಗೆ ಮಾತ್ರ ಕಾಣುವ ಪುಟ ಅದು. ಇಳಿಸಿಕೊಂಡ ಫೈಲಿನಲ್ಲಿಯೂ ಆ ಹೆಸರುಗಳು ಇರುತ್ತವೆ, ಗೊತ್ತು. ಆದರೂ ನಮ್ಮ ಶಾಲೆಯ ಚಿಪ್‌ನಿಂದ ಅವು ಎದ್ದು ಬಂದದ್ದನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ.

ಆ ಎರಡು ಫೈಲುಗಳನ್ನು ಎಮ್ಯುಲೇಟರಿನಲ್ಲಿಟ್ಟು ಮೇಷ್ಟ್ರ ಪ್ರೋಗ್ರಾಂ ಓಡಿಸಿದೆ. ಶೀರ್ಷಿಕೆ ಬಂತು. ಅ, ಆ, ಇ ಮೂಡಿದವು. ಅಷ್ಟರಲ್ಲಿ 'ಬ್ಯಾಡ್ ಪ್ರೋಗ್ರಾಂ' ಎಂದು ನಿಂತಿತು. ಮತ್ತೆ ಓಡಿಸಿದರೂ ಅದೇ ಜಾಗ.

ಕಾರಣ ಹುಡುಕಲು ಮೂರು ರಾತ್ರಿ ಬೇಕಾದವು. ಬಿಬಿಸಿ ಮೈಕ್ರೋ ತಾನಾಗಿ 32 ಹೊಸ ಆಕಾರಗಳಿಗೆ ಮಾತ್ರ ಜಾಗ ಕೊಡುತ್ತದೆ. ಕನ್ನಡಕ್ಕೆ ಅದು ಎಲ್ಲಿ ಸಾಲಬೇಕು? ಮೇಷ್ಟ್ರು ಒಂದು ವಿಶೇಷ ಆಜ್ಞೆಯಿಂದ ಆ ಸಂಖ್ಯೆಯನ್ನು 128ಕ್ಕೆ ಏರಿಸಿದ್ದರು. ಅದಕ್ಕೆ ತೆರಬೇಕಾದದ್ದು 768 ಬೈಟ್. ಕ್ಯಾಸೆಟ್ ಯಂತ್ರದಲ್ಲಿ ಪ್ರೋಗ್ರಾಂಗೆ ಜಾಗ ಶುರುವಾಗುವುದು 3584ನೆಯ ಬೈಟಿನಿಂದ. ಆದ್ದರಿಂದ ಅವರು 768 ಬಿಟ್ಟು, 4352ರಲ್ಲಿ ಪ್ರೋಗ್ರಾಂ ಕೂರಿಸಿದ್ದರು. ಆದರೆ ನನ್ನ ಎಮ್ಯುಲೇಟರ್ ತೋರಿಸುತ್ತಿದ್ದದ್ದು ಫ್ಲಾಪಿ ಡ್ರೈವ್ ಜೋಡಿಸಿದ ಯಂತ್ರವನ್ನು. ಅದರ ಡಿಸ್ಕ್ ರೋಮ್ ತನ್ನ ಕೆಲಸಕ್ಕೆ ಒಂದಿಷ್ಟು ಜಾಗ ನುಂಗಿ, ಆರಂಭವನ್ನು 6400ಕ್ಕೆ ತಳ್ಳಿತ್ತು. ಅಕ್ಷರದ ಆಕಾರಗಳು 6400ರಿಂದ ಕೂರುತ್ತ, ಅಲ್ಲೇ ಇದ್ದ ಪ್ರೋಗ್ರಾಮಿನ ಸಾಲುಗಳ ಮೇಲೆ ಬರೆದುಕೊಳ್ಳುತ್ತಿದ್ದವು. ಹಾಗಾದರೆ ಪ್ರೋಗ್ರಾಮನ್ನೇ ಮೇಲೆ ಸರಿಸೋಣವೆಂದು 7168ರಲ್ಲಿ ಇಟ್ಟೆ. ಈ ಬಾರಿ 'ಬ್ಯಾಡ್ ಮೋಡ್' ಎಂದಿತು: ನಾಲ್ಕು ಬಣ್ಣದ ಪರದೆಗೆ 20 ಕಿಲೋಬೈಟ್ ಬೇಕು, ಅದು 12288ರಿಂದಲೇ ಶುರು, 7168ಕ್ಕೆ 6300 ಕೂಡಿದರೆ ಆ ಗಡಿ ದಾಟುತ್ತದೆ. 32 ಕಿಲೋಬೈಟಿನಲ್ಲಿ ಕನ್ನಡಕ್ಕೆ ಮೇಷ್ಟ್ರು ಹೇಗೆ ಗೇಣು ಗೇಣು ಜಾಗ ಹೊಂದಿಸಿದ್ದರು ಎಂಬುದು ಆ ಲೆಕ್ಕವನ್ನು ಹಾಳೆಯ ಮೇಲೆ ಬರೆದಾಗಲೇ ನನಗೆ ತಿಳಿದದ್ದು. ಡಿಸ್ಕ್ ರೋಮನ್ನು ಪಟ್ಟಿಯಿಂದ ತೆಗೆದುಹಾಕಿದೆ, ಅದು ನಮ್ಮ ಯಂತ್ರದಲ್ಲಿ ಇರಲೂ ಇಲ್ಲ. ಎಮ್ಯುಲೇಟರ್ ನಮ್ಮ ಶಾಲೆಯ ಯಂತ್ರವೇ ಆಯಿತು. ಅ ಇಂದ ಳ ವರೆಗೆ ಎಲ್ಲವೂ ಬಂದವು, ಒಂದೊಂದು ಸಾಲಾಗಿ, ಅಂದಿನದೇ ನಿಧಾನದಲ್ಲಿ.

ಆದರೆ ಕೆಳಗಿನ ಪದಗಳಲ್ಲಿ ಒಂದು ಸರಿಯಿರಲಿಲ್ಲ. 'ಪಾಠ' ಎಂದಿರಬೇಕಾದಲ್ಲಿ 'ಪಾರ' ಎಂದು ಕಾಣುತ್ತಿತ್ತು. 'ಠ'ದ ಹೊಟ್ಟೆಯೊಳಗೆ ಚುಕ್ಕೆ ಇರಲಿಲ್ಲ. ಟೇಪ್‌ನ ತಪ್ಪೆಂದುಕೊಂಡೆ, ಆ ತುಂಡು ಎರಡೂ ಪ್ರತಿಯಲ್ಲಿ ತಾಳೆಯಾಗಿತ್ತು. ಎಮ್ಯುಲೇಟರಿನ ತಪ್ಪೆಂದುಕೊಂಡೆ, ಪ್ರೋಗ್ರಾಮಿನ ಸಾಲಿನಲ್ಲೇ ಸಂಖ್ಯೆ 66 ಎಂದಿತ್ತು. 66 ಎಂದರೆ ಎರಡು ಪಕ್ಕದ ಗೋಡೆ, ನಡುವೆ ಖಾಲಿ. ಅದನ್ನು ಮುಟ್ಟದೆ ಹಾಗೆಯೇ ಬಿಟ್ಟೆ.

ಇನ್ನು ಹಂಚುವ ಮಾತು. ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಎಲ್ಲವನ್ನೂ ಒಂದೇ ಕಟ್ಟಾಗಿ ಕಳುಹಿಸು ಎಂದರು. ರೋಮ್ ಕಳುಹಿಸಲಾರೆ ಎಂದೆ. ರಸೀದಿ ಕೊಟ್ಟ ಹಕ್ಕು ನನ್ನ ಮನೆಯ ಬಾಗಿಲಿನವರೆಗೆ ಮಾತ್ರ. ಡಬ್ಬಿಯಲ್ಲಿದ್ದ ಇಂಗ್ಲೆಂಡಿನ ಶೈಕ್ಷಣಿಕ ಕ್ಯಾಸೆಟ್‌ಗಳು ಶಾಲೆಗೆ ಸೇರಿದವು, ಹಿಂತಿರುಗಿಸಿದೆ. ಮೇಷ್ಟ್ರ ಪ್ರೋಗ್ರಾಂ ಮಾತ್ರ ಬೇರೆ ದಾರಿಯಲ್ಲಿ ಎಲ್ಲರಿಗೂ ಸಿಗಬಹುದಿತ್ತು. ರಿಚರ್ಡ್ ರಸೆಲ್ ಅವರು ಬಿಬಿಸಿ ಬೇಸಿಕ್ ಭಾಷೆಯನ್ನು ಇಂದಿನ ಕಂಪ್ಯೂಟರ್, ಮೊಬೈಲುಗಳಿಗೆ ಹೊಸದಾಗಿ ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಅದಕ್ಕೆ ಅಕಾರ್ನ್ ರೋಮ್ ಬೇಡ. ಅಲ್ಲಿ ಓಡಿಸಿದಾಗ ಆಕಾರಗಳು ಬಂದವು, ನಿಧಾನ ಮಾತ್ರ ಹೋಯಿತು. ಮೇಷ್ಟ್ರು ತಡೆಯಲೆಂದು ಒಂದರಿಂದ ಎರಡು ಸಾವಿರದವರೆಗೆ ಸುಮ್ಮನೆ ಎಣಿಸುವ ಸಾಲು ಹಾಕಿದ್ದರು. ಇಂದಿನ ಯಂತ್ರ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಅಲ್ಲಿ ಗಡಿಯಾರ ನೋಡಿ ಕಾಯುವ ಸಾಲು ಹಾಕಬೇಕು. ಅಂದರೆ ಮಾರ್ಪಾಡು. ಅದಕ್ಕೆ ಒಪ್ಪಿಗೆ ಬೇಕು.

"ನನ್ನ ಹಕ್ಕು ಎಂದರೇನಯ್ಯಾ?" ಎಂದರು ಮೇಷ್ಟ್ರು. "ಶಾಲೆಯ ಯಂತ್ರ, ಶಾಲೆಯ ಕರೆಂಟು."

ಆ ಪ್ರಶ್ನೆ ನ್ಯಾಯವಾದದ್ದೇ. ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಒಡೆತನ ಮಾಲೀಕರದು ಎಂದು 17ನೆಯ ಕಲಂ ಹೇಳುತ್ತದೆ. ಗಣಿತ ಮೇಷ್ಟ್ರ ನೌಕರಿಯಲ್ಲಿ ಕನ್ನಡ ಅಕ್ಷರದ ಪ್ರೋಗ್ರಾಂ ಸೇರುತ್ತದೆಯೇ? ವಾದಕ್ಕೆ ಇಳಿಯುವ ಬದಲು ಎರಡು ಪತ್ರ ಮಾಡಿಸಿದೆವು: ನಮಗೆ ಹಕ್ಕಿನ ಬೇಡಿಕೆಯಿಲ್ಲ ಎಂದು ಶಾಲೆಯಿಂದ ಒಂದು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದು ಎಂದು ಮೇಷ್ಟ್ರಿಂದ ಒಂದು. ಗೆಳತಿ ಎರಡನೆಯದನ್ನು ತಿದ್ದಿ ಕಳುಹಿಸಿದಳು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತವೆಂದು. 'ಕೃತಿಸ್ವಾಮ್ಯ ಇರುವಷ್ಟು ಕಾಲ, ಜಗತ್ತಿನ ಎಲ್ಲೆಡೆ' ಎಂಬ ಐದು ಪದ ಸೇರಿದವು. ಮೇಷ್ಟ್ರಿಗೆ ಈಗ ಎಂಬತ್ತನಾಲ್ಕು. ಅವರ ಆಯುಷ್ಯದ ನಂತರವೂ ಅರವತ್ತು ವರ್ಷ ಇರುವ ಹಕ್ಕು ಅದು. ಪತ್ರಕ್ಕೆ ಅವರೇ ಕೂತು ಸಹಿ ಹಾಕಿದ್ದು ನನಗೆ ದೊಡ್ಡ ಸಮಾಧಾನ.

ಸಹಿ ಆದ ದಿನ ಮಗಳ ಮನೆಯ ಟಿವಿಗೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಜೋಡಿಸಿ ಎಮ್ಯುಲೇಟರ್ ತೋರಿಸಿದೆ. ಇದರೊಳಗಿನ ಆರ್ಮ್ ಚಿಪ್ಪಿನ ಮೊದಲ ವಿನ್ಯಾಸವನ್ನು ಅಕಾರ್ನ್‌ನ ಸೋಫಿ ವಿಲ್ಸನ್ ಪರೀಕ್ಷಿಸಿದ್ದು ಬಿಬಿಸಿ ಮೈಕ್ರೋ ಮೇಲೆಯೇ ಸಾರ್, ಇನ್ನೂ ಹುಟ್ಟದ ಚಿಪ್ಪನ್ನು ಬೇಸಿಕ್‌ನಲ್ಲಿ ಆಡಿಸಿ ನೋಡಿದ್ದರು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋಗಿದ್ದರು. ಕ, ಖ, ಗ ಮೂಡಿದವು. 'ಪಾಠ' ಬರುವ ಮೊದಲೇ ಬೆರಳು ಎತ್ತಿದರು.

"ನೋಡು, ಈಗ ಪಾರ ಬರುತ್ತದೆ."

ಬಂತು.

"ಒಂದನೆಯ ತರಗತಿಯ ಹುಡುಗಿಯೊಬ್ಬಳು ಹಾಗೇ ಓದಿದಳು. ರಾತ್ರಿ ಮನೆಯಲ್ಲಿ ಲೆಕ್ಕ ತಿದ್ದಿಟ್ಟಿದ್ದೆ. ಬೆಳಿಗ್ಗೆ ಹೋದರೆ ಯಂತ್ರ ಕೆಟ್ಟಿತ್ತು." ಕೀಲಿಮಣೆಯನ್ನು ತೊಡೆಯ ಮೇಲೆ ಎಳೆದುಕೊಂಡರು. "ಆ ಸಾಲು ತೆಗೆ. 66 ಅಲ್ಲ. ನಡುವೆ 16, 8 ಸೇರಬೇಕು. 90."

ಒಂದೊಂದೇ ಕೀಲಿ ಒತ್ತಿ ತಾವೇ ಬದಲಿಸಿದರು. ಮತ್ತೆ ಓಡಿಸಿದರು. 'ಠ'ದ ಹೊಟ್ಟೆಯಲ್ಲಿ ಚುಕ್ಕೆ ಕೂತಿತು. ಸ್ವಲ್ಪ ಹೊತ್ತು ನೋಡಿ ಕೀಲಿಮಣೆಯನ್ನು ನನ್ನ ಕಡೆ ಸರಿಸಿದರು.

"ಹಳೆಯದು ಹಾಗೆಯೇ ಇರಲಿ, ಅದನ್ನು ಮುಟ್ಟಬೇಡ. ಇದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡು. ಎರಡು ಸಲ."